‘ಸಮರ್ ಹೈಟ್ಸ್ ಹೈ’ ರೇಸಿಸಂ ಅನ್ನು ಗೇಲಿ ಮಾಡುತ್ತದೋ, ತಾನೇ ರೇಸಿಸ್ಟೋ?

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ‘ಸಮರ್ ಹೈಟ್ಸ್ ಹೈ’ ಎಂಬ ಹಾಸ್ಯ ಸರಣಿ ಶಾಲೆಯೊಳಗಿನ ರೇಸಿಸಂ ಅನ್ನು ಚೆನ್ನಾಗಿ ಬಯಲಿಗೆಳೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ಅದೇ ಸರಣಿಯನ್ನು ನೆಟ್‌ಫ್ಲಿಕ್ಸ್ ತೆಗೆದುಹಾಕಿದ್ದೂ ಓದಿದ್ದೇನೆ. ಇದರಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿ. ಬರವಣಿಗೆ ನೋಡಿದರೆ ಅದು ರೇಸಿಸಂ ಮೇಲಿನ ವಿಡಂಬನೆ. ವೇಷ ನೋಡಿದರೆ ಅದೇ ರೇಸಿಸಂ. ಒಂದೇ ಸರಣಿಯಲ್ಲಿ ಇವೆರಡೂ ಹೇಗೆ ಸೇರಿಕೊಂಡವು ಎಂದು ತಿಳಿಯಲು ಪಾತ್ರಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಮೊದಲು ಗೊತ್ತಿರಬೇಕಾದಷ್ಟು ಹೇಳಿಬಿಡುತ್ತೇವೆ. ಸರಣಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿಯಲ್ಲಿ 2007ರ ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ 8 ಕಂತುಗಳಲ್ಲಿ ಬಂತು. ಚಿತ್ರೀಕರಣ ಆಗಿದ್ದು ಮೆಲ್ಬರ್ನ್‌ನ ಒಂದು ನಿಜವಾದ ಸರ್ಕಾರಿ ಹೈಸ್ಕೂಲಿನಲ್ಲಿ. ಕಥೆಯ ರೂಪ ಸುಳ್ಳು ಸಾಕ್ಷ್ಯಚಿತ್ರದ್ದು: ಯಾರೋ ಡಾಕ್ಯುಮೆಂಟರಿ ತಂಡ ಶಾಲೆಗೆ ಬಂದು ಒಂದು ಟರ್ಮ್ ಪೂರ್ತಿ ಕ್ಯಾಮೆರಾ ಹಿಡಿದು ಓಡಾಡಿದಂತೆ. ಮುಖ್ಯ ಪಾತ್ರಗಳು ಮೂರು. ಖಾಸಗಿ ಶಾಲೆಯಿಂದ ವಿನಿಮಯಕ್ಕೆ ಬಂದ ಹುಡುಗಿ ಜಮೇ ಕಿಂಗ್, ನಾಟಕದ ಮೇಷ್ಟ್ರು ಮಿಸ್ಟರ್ ಜಿ, ಪೆಸಿಫಿಕ್ ದ್ವೀಪದೇಶ ಟೊಂಗಾ ಮೂಲದ 13 ವರ್ಷದ ಹುಡುಗ ಜೋನಾ ಟಾಕಲುವಾ. ಮೂವರನ್ನೂ ಆಡಿದ್ದು ಒಬ್ಬನೇ, ಕ್ರಿಸ್ ಲಿಲ್ಲಿ. ಬಿಳಿಯ, ಆಗ ಮೂವತ್ತೆರಡರ ಆಸುಪಾಸು. ಬರೆದದ್ದೂ ಅವನೇ.

ಜಮೇಯಿಂದ ಶುರುಮಾಡೋಣ, ಇಲ್ಲಿ ಲೆಕ್ಕ ಸರಳ. ಮೊದಲ ಕಂತಿನಲ್ಲಿ ಅವಳು ಹೊಸ ಶಾಲೆಯ ಅಸೆಂಬ್ಲಿಯ ಎದುರು ನಿಂತು ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ. ಖಾಸಗಿ ಶಾಲೆಯವರು ಯೂನಿವರ್ಸಿಟಿಗೆ ಹೋಗುತ್ತಾರೆ, ದುಡ್ಡು ಮಾಡುತ್ತಾರೆ. ಹೆಂಡತಿಗೆ ಹೊಡೆಯುವವರು, ಅತ್ಯಾಚಾರಿಗಳು ಹೆಚ್ಚುಕಡಿಮೆ ಎಲ್ಲರೂ ಸರ್ಕಾರಿ ಶಾಲೆಯಲ್ಲಿ ಓದಿದವರು ಅನ್ನುತ್ತಾಳೆ, ‘ಬೇಜಾರು ಮಾಡ್ಕೋಬೇಡಿ, ನಿಜ ತಾನೇ’ ಎಂಬ ಧಾಟಿಯಲ್ಲಿ. ಎದುರಿಗೆ ಕೂತಿರುವುದು ಅದೇ ಸರ್ಕಾರಿ ಶಾಲೆಯ ನೂರಾರು ಮಕ್ಕಳು. ಕ್ಯಾಮೆರಾ ಅವರ ಮುಖದ ಮೇಲೆ ಎರಡು ಸೆಕೆಂಡು ನಿಲ್ಲುತ್ತದೆ. ನಗು ಬರುವುದು ಆ ಎರಡು ಸೆಕೆಂಡಿನಲ್ಲಿ, ಮಾತಿನಲ್ಲಲ್ಲ. ಮಾತಾಡುತ್ತಿರುವವಳೇ ಏಟು ತಿನ್ನುವವಳು. ಯಾರ ಬಗ್ಗೆ ಮಾತಾಡುತ್ತಿದ್ದಾಳೋ ಅವರಿಗೆ ಅದು ತಾಗುವುದಿಲ್ಲ. ಇಲ್ಲಿ ತಾತ್ಸಾರ ಇರುವುದು ವರ್ಗದ ಬಗ್ಗೆ, ಜನಾಂಗದ ಬಗ್ಗೆ ಮಾತಾಡುವಾಗಲೂ ಲೆಕ್ಕ ಇದೇ.

ಈ ಪಾತ್ರವನ್ನೇ ಹಿಡಿದು 2013ರಲ್ಲಿ ಲಿಲ್ಲಿ ‘ಜಮೇ: ಪ್ರೈವೇಟ್ ಸ್ಕೂಲ್ ಗರ್ಲ್’ ಮಾಡಿದ. ಶಾಲೆಯ ರೇಸಿಸಂ ವಿಷಯದಲ್ಲಿ ನಮ್ಮ ಮಟ್ಟಿಗೆ ಅವನ ಹೆಚ್ಚು ಹರಿತವಾದ ಕೆಲಸ ಅದು. ಅಲ್ಲಿ ಜಮೇ ಶಾಲೆಯ ದೊಡ್ಡ ಪದಕಕ್ಕೆ ಕಣ್ಣಿಟ್ಟಿರುತ್ತಾಳೆ. ಹಾಗಾಗಿ ಆಫ್ರಿಕಾ ಮೂಲದ ಬಡ ಹುಡುಗನೊಬ್ಬನನ್ನು ಹಿಡಿದುಕೊಂಡು ಎಲ್ಲೆಡೆ ಮೆರೆಸುತ್ತಾಳೆ. ಅವಳ ಬಾಯಲ್ಲಿ ಬೈಗುಳ ಇಲ್ಲ, ಬರೀ ಕರುಣೆ. ಆ ಕರುಣೆಯಲ್ಲಿ ಹುಡುಗ ಬ್ಯಾಗಿಗೆ ತೂಗುಹಾಕುವ ಕೀಚೈನ್‌ನಷ್ಟೇ. ಬೈಗುಳದ ರೇಸಿಸಂ ತೋರಿಸುವುದು ಸುಲಭ, ಯಾರು ಬೇಕಾದರೂ ತೋರಿಸಬಹುದು. ಪ್ರಶಸ್ತಿಗಾಗಿ ದಾನ ಮಾಡುವ ರೇಸಿಸಂ ಅನ್ನು ನಗೆಯಲ್ಲಿ ಹಿಡಿಯುವುದು ಕಷ್ಟ.

ಇನ್ನು ಜೋನಾ. ಬರೆದದ್ದನ್ನಷ್ಟೇ ಓದಿದರೆ ಇಲ್ಲಿಯೂ ಗುರಿ ಶಾಲೆಯೇ. ಹುಡುಗನಿಗೆ ಓದಲು ಬರುವುದಿಲ್ಲ. ಕ್ಲಾಸಿನಲ್ಲಿ ಅದು ಗೊತ್ತಾಗಬಾರದು ಅಂತ ಗಲಾಟೆ ಮಾಡುತ್ತಾನೆ, ಡೆಸ್ಕಿನ ಮೇಲೆ ಅಶ್ಲೀಲ ಚಿತ್ರ ಗೀಚುತ್ತಾನೆ, ಇಂಗ್ಲಿಷ್ ಟೀಚರ್ ಜೊತೆ ಕಾಳಗಕ್ಕೆ ನಿಲ್ಲುತ್ತಾನೆ. ಶಾಲೆಯ ಬಳಿ ಇವನಿಗೆ ಎರಡು ಔಷಧಿ ಇವೆ. ಒಂದು ‘ಪಾಲಿ ಪಾತ್‌ವೇಸ್’ ಎಂಬ ಕಾರ್ಯಕ್ರಮ: ಟೊಂಗಾದವರು, ಸಮೋವಾದವರು ಎನ್ನದೆ ಪಾಲಿನೇಷಿಯನ್ ಮಕ್ಕಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ, ಅವರ ‘ಸಂಸ್ಕೃತಿ’ಗೆ ಪ್ರೋತ್ಸಾಹ ಕೊಟ್ಟು ತಿದ್ದುವ ಯೋಜನೆ. ಅಕ್ಷರ ಬಾರದ ಹುಡುಗನಿಗೆ ಸಂಸ್ಕೃತಿಯ ಡೋಸು. ಇನ್ನೊಂದು ‘ಗಮ್‌ನಟ್ ಕಾಟೇಜ್’, ಓದಿನಲ್ಲಿ ಹಿಂದುಳಿದವರ ಕೊಠಡಿ. ಅಲ್ಲಿನ ವಯಸ್ಸಾದ ಟೀಚರ್ ಅವನಿಗೆ ಪದ ಪದವಾಗಿ ಓದಿಸುತ್ತಾಳೆ. ಇಡೀ ಸರಣಿಯಲ್ಲಿ ಜೋನಾ ದನಿ ತಗ್ಗಿಸಿ ಮಾತಾಡುವುದು ಅವಳ ಹತ್ತಿರ ಮಾತ್ರ. ಕೆಲಸ ಮಾಡುತ್ತಿರುವ ಔಷಧಿ ಯಾವುದು ಅಂತ ನೋಡುವವರಿಗೆಲ್ಲ ಗೊತ್ತಾಗುತ್ತದೆ, ಶಾಲೆಗೆ ಗೊತ್ತಾಗುವುದಿಲ್ಲ. ಕೊನೆಗೆ ಅವನನ್ನು ಹೊರಹಾಕುತ್ತಾರೆ. ಈ ಎಳೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ಜೋನಾ ಪಾಪದ ಹುಡುಗನೇನಲ್ಲ ಅನ್ನುವುದನ್ನೂ ಹೇಳಬೇಕು. ಕೆಂಗೂದಲಿನ ಚಿಕ್ಕ ಹುಡುಗನನ್ನು ‘ರಾಂಗಾ’ ಅಂತ ಕಾಡುತ್ತಾನೆ. ಒರಾಂಗುಟಾನ್ ಎಂಬುದರ ತುಂಡು ಅದು. ಏಟು ತಿಂದವನು ತನಗಿಂತ ಚಿಕ್ಕವನಿಗೆ ಅದನ್ನೇ ಕೊಡುತ್ತಾನೆ ಅಂತ ಬರೆದವನ ಲೆಕ್ಕ. ಆದರೆ ಪ್ರಸಾರ ಆಗುತ್ತಿದ್ದಂತೆ ಆಸ್ಟ್ರೇಲಿಯಾದ ಶಾಲಾ ಮೈದಾನಗಳಲ್ಲಿ ಮಕ್ಕಳು ಆ ಬೈಗುಳವನ್ನೂ ಜೋನಾನ ಉಡಾಫೆ ಮಾತುಗಳನ್ನೂ ಎತ್ತಿಕೊಂಡರು, ಶಿಕ್ಷಕರಿಂದ ದೂರು ಬಂತು. ಲೆಕ್ಕ ಟಿವಿಯಲ್ಲೇ ಉಳಿಯಿತು, ಮೈದಾನಕ್ಕೆ ಹೋಗಿದ್ದು ಬೈಗುಳ ಮಾತ್ರ.

ಹಾಗಾದರೆ ಕೆಟ್ಟದ್ದು ಎಲ್ಲಿ? ವೇಷದಲ್ಲಿ. ಲಿಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದು, ಗುಂಗುರು ವಿಗ್ ತೊಟ್ಟು ಜೋನಾ ಆಗುತ್ತಾನೆ. ಅವನ ಸುತ್ತ ಗೆಳೆಯರಾಗಿ ಕೂತಿರುವವರು ನಿಜವಾದ ಪಾಲಿನೇಷಿಯನ್ ಹುಡುಗರು, ನಿಜವಾದ ಬಣ್ಣ, ನಿಜವಾದ ಕೂದಲು. ಕಥೆ ಮಾತ್ರ ಅವರದಲ್ಲ. ಟೊಂಗಾದ ಹುಡುಗನನ್ನು ಶಾಲೆ ಅರ್ಥ ಮಾಡಿಕೊಳ್ಳುತ್ತಿಲ್ಲ ಎಂದು ಹೇಳುವ ಸರಣಿ, ಆ ಮಾತನ್ನು ಟೊಂಗಾದ ಹುಡುಗನ ಬಾಯಲ್ಲಿ ಹೇಳಿಸುವುದಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಜಮೇಯ ದೃಶ್ಯವೊಂದನ್ನು ಹಾಕಿ ಶಬ್ದ ಬಂದ್ ಮಾಡಿ. ತೆರೆಯ ಮೇಲೆ ಉಳಿಯುವುದು ಸ್ಕರ್ಟ್ ಹಾಕಿದ ಗಂಡಸು. ರೇಸಿಸಂ ಕುರಿತ ನಗೆ ಪೂರ್ತಿ ಮಾಯ, ಏಕೆಂದರೆ ಅದು ನಿಂತಿದ್ದದ್ದು ಅವಳ ಮಾತು ಮತ್ತು ಅದಕ್ಕೆ ಕೇಳುವವರ ಮುಖಭಾವದ ಮೇಲೆ. ಜೋನಾನ ದೃಶ್ಯಕ್ಕೂ ಹಾಗೇ ಮಾಡಿ. ಶಾಲೆಯ ಮೇಲಿನ ವಿಡಂಬನೆ ಮಾಯವಾಗುತ್ತದೆ, ಬಣ್ಣ ಮತ್ತು ವಿಗ್ ಉಳಿಯುತ್ತವೆ. ಮಾತಿಲ್ಲದೆಯೂ ನಗಿಸಲು ಉಳಿದದ್ದು ಬಿಳಿಯನೊಬ್ಬ ಕಂದು ಹುಡುಗನಾಗಿದ್ದಾನೆ ಎಂಬುದೊಂದೇ. ಮೂವತ್ತು ಸೆಕೆಂಡಿನ ಕ್ಲಿಪ್ ಮಾಡುವುದೂ ಇದೇ ಕೆಲಸವನ್ನು. ಕತ್ತರಿಸುವವರು ಬೈಗುಳ ಇಟ್ಟುಕೊಳ್ಳುತ್ತಾರೆ, ಅದರ ನಂತರ ಬರುವ ಮುಖಭಾವದ ಶಾಟ್ ಕಿತ್ತುಹಾಕುತ್ತಾರೆ. ಸುಳ್ಳು ಸಾಕ್ಷ್ಯಚಿತ್ರದ ಜೀವ ಇರುವುದು ಆ ಶಾಟಿನಲ್ಲೇ.

2014ರ ‘ಜೋನಾ ಫ್ರಮ್ ಟೊಂಗಾ’ದಲ್ಲಿ ಇದು ಬಿಚ್ಚಿಕೊಂಡಿತು. 8 ಕಂತುಗಳಲ್ಲಿ ಮೂರನೇ ಒಂದು ಪಾಲು ಇದ್ದ ಪಾತ್ರಕ್ಕೆ ಈಗ 6 ಕಂತು ಪೂರ್ತಿ. ಪಕ್ಕದಲ್ಲಿ ಜಮೇ ಇಲ್ಲ, ಮಿಸ್ಟರ್ ಜಿ ಇಲ್ಲ. ಮೊದಲ ಸರಣಿಯಲ್ಲಿ ಒಬ್ಬನೇ ನಟ ಬಿಳಿ ಹುಡುಗಿಯನ್ನೂ ಬಿಳಿ ಮೇಷ್ಟ್ರನ್ನೂ ಅಷ್ಟೇ ನಿರ್ದಯವಾಗಿ ಆಡುತ್ತಿದ್ದದ್ದರಿಂದ ಎಲ್ಲರಿಗೂ ಸಮವಾಗಿ ಬಿತ್ತು ಎಂಬ ಸಮಜಾಯಿಷಿ ಇತ್ತು, ಅದೂ ಹೋಯಿತು. ನಟನಿಗೆ ನಲವತ್ತು ಹತ್ತಿರ, ಪಾತ್ರಕ್ಕೆ 14. ಅಮೆರಿಕದಲ್ಲಿ ಎಚ್‌ಬಿಒ ಇದನ್ನು ಪ್ರಸಾರ ಮಾಡಿದಾಗ ಅಲ್ಲಿನ ಟೊಂಗನ್ನರು ‘ನನ್ನ ಹೆಸರು ಜೋನಾ ಅಲ್ಲ’ ಎಂಬ ಹ್ಯಾಶ್‌ಟ್ಯಾಗ್ ಹಿಡಿದು ತಮ್ಮ ಫೋಟೋಗಳನ್ನು ಹಾಕಿದರು. 2017ರಲ್ಲಿ ನ್ಯೂಜಿಲೆಂಡ್‌ನ ಮೂಲನಿವಾಸಿಗಳ ವಾಹಿನಿ ಮಾವೊರಿ ಟೆಲಿವಿಷನ್ ಪ್ರಸಾರ ಶುರುಮಾಡಿ ಕೈಬಿಟ್ಟಿತು. ಜೋನಾನನ್ನು ಇಷ್ಟಪಟ್ಟು ನಕ್ಕ ಪೆಸಿಫಿಕ್ ದ್ವೀಪಗಳ ಹುಡುಗರೂ ಬೇಕಾದಷ್ಟಿದ್ದಾರೆ. ಟಿವಿಯಲ್ಲಿ ತಮ್ಮವರೇ ಕಾಣದ ಕಾಲದಲ್ಲಿ ತಮ್ಮಂತೆ ಮಾತಾಡುವ ಒಬ್ಬ ಕಂಡರೆ ಖುಷಿಯಾಗುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ.

ನಮ್ಮವರಿಗೂ ಈ ಅನುಭವ ಹೊಸದಲ್ಲ. ಅಮೆರಿಕದ ಕಾರ್ಟೂನ್ ಸರಣಿ ‘ದಿ ಸಿಂಪ್ಸನ್ಸ್’ನ ಭಾರತೀಯ ಅಂಗಡಿಯವ ಅಪುಗೆ ಶುರುವಿನಿಂದ ದನಿ ಕೊಟ್ಟದ್ದು ಬಿಳಿಯ ನಟ ಹ್ಯಾಂಕ್ ಅಝಾರಿಯಾ. ಅಮೆರಿಕದಲ್ಲಿ ಬೆಳೆದ ಭಾರತೀಯ ಮಕ್ಕಳು ಶಾಲೆಯಲ್ಲಿ ಆ ಉಚ್ಚಾರಣೆಯ ಅಣಕ ಕೇಳಿಕೊಂಡೇ ಬೆಳೆದರು. 2020ರಲ್ಲಿ ಅಝಾರಿಯಾ ಆ ಪಾತ್ರ ಬಿಟ್ಟ. ಹಾಗಂತ ಬಣ್ಣ ಬಳಿಯುವ ತಪ್ಪು ಬಿಳಿಯರದ್ದು ಮಾತ್ರ ಅಂದುಕೊಳ್ಳಬೇಡಿ. 2009ರಲ್ಲಿ ಆಸ್ಟ್ರೇಲಿಯಾದ ಟಿವಿ ಕಾರ್ಯಕ್ರಮ ‘ಹೇ ಹೇ ಇಟ್ಸ್ ಸ್ಯಾಟರ್ಡೇ’ಯಲ್ಲಿ ಮೈಕೆಲ್ ಜಾಕ್ಸನ್ ಅಣಕಕ್ಕೆ ಮುಖಕ್ಕೆ ಕಪ್ಪು ಬಳಿದುಕೊಂಡು ಬಂದ ವೈದ್ಯರ ತಂಡದ ಮುಂದಾಳು ಭಾರತೀಯ ಮೂಲದವನೇ. ತೀರ್ಪುಗಾರ ಹ್ಯಾರಿ ಕಾನಿಕ್ ಜೂನಿಯರ್ ಸೊನ್ನೆ ಅಂಕ ಕೊಟ್ಟ.

ನೆಟ್‌ಫ್ಲಿಕ್ಸ್ ವಿಷಯಕ್ಕೆ ಬಂದರೆ, 2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಪ್ರತಿಭಟನೆಗಳ ಹೊತ್ತಿನಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಅದು ಲಿಲ್ಲಿಯ 4 ಸರಣಿ ತೆಗೆದುಹಾಕಿತು: ‘ವಿ ಕ್ಯಾನ್ ಬಿ ಹೀರೋಸ್’, ‘ಸಮರ್ ಹೈಟ್ಸ್ ಹೈ’, ‘ಆಂಗ್ರಿ ಬಾಯ್ಸ್’, ‘ಜೋನಾ ಫ್ರಮ್ ಟೊಂಗಾ’. ಚೀನೀ ವಿದ್ಯಾರ್ಥಿ, ಟೊಂಗಾದ ಹುಡುಗ, ಕಪ್ಪು ರ‍್ಯಾಪರ್: ನಾಲ್ಕರಲ್ಲೂ ಲಿಲ್ಲಿ ಬೇರೆ ಜನಾಂಗದವನ ವೇಷ ಹಾಕಿದ್ದ. ಜಮೇಯ ಖಾಸಗಿ ಶಾಲೆಯ ಸರಣಿ ಉಳಿಯಿತು. ಬಾಯಲ್ಲಿ ಬರುವ ರೇಸಿಸಂ ಲೆಕ್ಕ ಹಾಕಿದರೆ ಜಮೇ ಯಾರಿಗೂ ಕಡಿಮೆಯಿಲ್ಲ. ಆದರೆ ಅಲ್ಲಿ ಲಿಲ್ಲಿಗೆ ಹಚ್ಚಿದ್ದು ಲಿಪ್‌ಸ್ಟಿಕ್, ಕಂದು ಬಣ್ಣವಲ್ಲ.

ತರಗತಿಯಲ್ಲೋ ಗೆಳೆಯರ ನಡುವೆಯೋ ಇದನ್ನು ತೋರಿಸಿ ಚರ್ಚೆ ಮಾಡುವ ಮನಸ್ಸಿದ್ದರೆ, ಮೊದಲು ಜಮೇಯ ಅಸೆಂಬ್ಲಿ ದೃಶ್ಯ ಹಾಕಿ. ಮಾತು ಮುಗಿದ ಕೂಡಲೇ ನಿಲ್ಲಿಸಬೇಡಿ, ಮಕ್ಕಳ ಮುಖ ಬಂದುಹೋಗುವವರೆಗೆ ಓಡಲಿ. ಜೋನಾ ಬೇಕೇಬೇಕು ಅಂದರೆ ಗಮ್‌ನಟ್ ಕಾಟೇಜ್‌ನಿಂದ ಶುರುಮಾಡಿ, ಡೆಸ್ಕ್ ಗೀಚುವ ದೃಶ್ಯ ಆಮೇಲೆ. ಹಿಂದುಮುಂದಾದರೆ ನೋಡುವವರು ಮೊದಲು ವಿಗ್ ನೋಡಿ ನಗುತ್ತಾರೆ, ಆಮೇಲೆ ಆ ಹುಡುಗ ಪುಸ್ತಕ ತೆರೆದಾಗಲೂ ಅದೇ ನಗು ಮುಂದುವರಿಯುತ್ತದೆ.