ಠಾಣೆಯಲ್ಲಿ ಒಪ್ಪಿಕೊಂಡವನು ಕೋರ್ಟಿನಲ್ಲಿ ಬಿಡುಗಡೆಯಾಗುವುದು ಹೇಗೆ?

ಕೊಲೆ ನಡೆದು ಎರಡು ಮೂರು ದಿನಗಳಲ್ಲಿ ಪತ್ರಿಕೆಯಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ.’ ಓದಿದವರ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು. ಕೆಲವು ವರ್ಷಗಳ ಮೇಲೆ ಮಂಗಳೂರಿನ ಅಥವಾ ಉಡುಪಿಯ ಸೆಷನ್ಸ್ ನ್ಯಾಯಾಲಯ ಅದೇ ಆರೋಪಿಯನ್ನು ಬಿಡುಗಡೆ ಮಾಡಿದಾಗ ‘ಒಪ್ಪಿಕೊಂಡವನನ್ನೇ ಬಿಟ್ಟರಲ್ಲ’ ಎಂಬ ಸಿಟ್ಟು ಏಳುತ್ತದೆ. ಆದರೆ ಪತ್ರಿಕೆಯಲ್ಲಿ ಬಂದ ಆ ಒಪ್ಪಿಗೆಯನ್ನು ನ್ಯಾಯಾಧೀಶರು ನೋಡುವಂತೆಯೇ ಇಲ್ಲ. ನೋಡಬಹುದಾದದ್ದು ಹೆಚ್ಚೆಂದರೆ ಅದರ ಒಂದೆರಡು ಸಾಲು.

ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿದ್ದು ಇದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23(1) ಹೇಳುವುದೂ ಇದನ್ನೇ. ಪೊಲೀಸ್ ವಶದಲ್ಲಿರುವಾಗ ಬೇರೆ ಯಾರ ಮುಂದೆ ಹೇಳಿಕೊಂಡರೂ, ಮ್ಯಾಜಿಸ್ಟ್ರೇಟರು ಎದುರಿಗೆ ಇಲ್ಲದಿದ್ದರೆ, 23(2) ಅದನ್ನೂ ಹೊರಗಿಡುತ್ತದೆ. ವೈದ್ಯಕೀಯ ತಪಾಸಣೆಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕರೆತಂದಾಗ ಪಕ್ಕದಲ್ಲಿ ಕಾನ್‌ಸ್ಟೇಬಲ್ ನಿಂತಿರುವಂತೆಯೇ ವೈದ್ಯರ ಬಳಿ ‘ನಾನೇ ಕಡಿದೆ’ ಎಂದರೂ ಅಷ್ಟೆ. ಹಳೆಯ ಕಾಯ್ದೆಯಡಿ ಆರಂಭವಾದ ವಿಚಾರಣೆಗಳು ಹಳೆಯದರಲ್ಲೇ ಮುಂದುವರಿಯುವುದರಿಂದ ಈಗ ಒಂದೇ ನ್ಯಾಯಾಲಯದಲ್ಲಿ ಎರಡೂ ಬಗೆಯ ಕಲಂ ಸಂಖ್ಯೆಗಳು ಕೇಳಿಬರುತ್ತವೆ. ತತ್ವ ಬದಲಾಗಿಲ್ಲ.

ರಕ್ತ ಮೆತ್ತಿದ ಕತ್ತಿ ಹಿಡಿದು ತಾನಾಗಿ ಠಾಣೆಗೆ ನಡೆದು ಬಂದವನ ಕಥೆಯೇನು? ಅವನ ಮಾತನ್ನೇ ದೂರಾಗಿ ಬರೆದುಕೊಂಡು ಎಫ್‌ಐಆರ್ ಮಾಡಿದರೆ, ಆ ದೂರಿನ ತಪ್ಪೊಪ್ಪಿಗೆಯನ್ನು ಸಾಲು ಸಾಲಾಗಿ ಬಿಡಿಸಿ ಕೊಲೆಯ ಉದ್ದೇಶ, ತಯಾರಿ, ಜಾಗ ಎಂದು ಒಂದೊಂದನ್ನೇ ಬಳಸಿಕೊಳ್ಳುವಂತಿಲ್ಲ ಎಂದು 1965ರ ಅಗ್ನೂ ನಾಗೇಸಿಯಾ ತೀರ್ಪು ಹೇಳಿದೆ. ಉಳಿಯುವುದು ಅವನ ನಡತೆ: ಇಷ್ಟು ಗಂಟೆಗೆ ಬಂದ, ಅಂಗಿಯಲ್ಲಿ ರಕ್ತವಿತ್ತು, ಕೈಯಲ್ಲಿ ಕತ್ತಿ ಇತ್ತು. ಠಾಣೆಯಲ್ಲಿ ಆ ಹೊತ್ತಿಗೆ ಇದ್ದವರು ಇದನ್ನು ನುಡಿಯಬಹುದು, ಅಂಗಿ ಮತ್ತು ಕತ್ತಿಯನ್ನು ಪಂಚರ (ಸಾಕ್ಷಿಗಳಾಗಿ ಕರೆಸಿದ ಹೊರಗಿನವರ) ಮುಂದೆ ವಶಪಡಿಸಿಕೊಳ್ಳಬಹುದು. ಎಷ್ಟೋ ಕಡತಗಳಲ್ಲಿ ಮಾತನ್ನು ಎರಡು ಪುಟ ಬರೆದು, ಅಂಗಿಯನ್ನು ಮಾತ್ರ ಮರುದಿನ ವಶಪಡಿಸಿಕೊಂಡಿರುತ್ತಾರೆ. ಉಪಯೋಗಕ್ಕೆ ಬರುವುದು ಅಂಗಿ.

ಇನ್ನು ಕರ್ನಾಟಕದ ಪ್ರತಿ ಕೊಲೆ ಕಡತದಲ್ಲೂ ಇರುವ, ಪೊಲೀಸರು ಬರೆದುಕೊಂಡ ಆರೋಪಿಯ ‘ಸ್ವ-ಇಚ್ಛಾ ಹೇಳಿಕೆ’. ಅದರಲ್ಲಿ ಒಳಗೆ ಬರಬಹುದಾದ ಭಾಗ ಒಂದೇ: ಆರೋಪಿ ಕೊಟ್ಟ ಮಾಹಿತಿಯಿಂದ, ಅದುವರೆಗೆ ಗೊತ್ತಿಲ್ಲದ ಒಂದು ಸಂಗತಿ ಪತ್ತೆಯಾಗಿದ್ದರೆ, ಆ ಪತ್ತೆಗೆ ನೇರವಾಗಿ ಕಾರಣವಾದ ಮಾತು. ಹಳೆಯ 27ನೇ ಕಲಂ, ಈಗ 23(2)ರ ಪರಂತುಕ, ಅಂದರೆ ಅದಕ್ಕೇ ಸೇರಿಸಿದ ವಿನಾಯಿತಿ. ‘ಅವನ ಕುತ್ತಿಗೆಗೆ ಕಡಿದ ಕತ್ತಿಯನ್ನು ಪಂಪ್‌ಶೆಡ್ಡಿನ ಹಿಂದಿನ ಅಡಿಕೆ ಸಿಪ್ಪೆಯ ರಾಶಿಯಲ್ಲಿ ಅಡಗಿಸಿಟ್ಟಿದ್ದೇನೆ, ಬಂದರೆ ತೆಗೆದುಕೊಡುತ್ತೇನೆ’ ಎಂದು ಆರೋಪಿ ಹೇಳಿದ ಅನ್ನಿ. ‘ಕುತ್ತಿಗೆಗೆ ಕಡಿದ’ ಎಂಬುದಕ್ಕೆ ಕತ್ತರಿ. ‘ಕತ್ತಿಯನ್ನು ಸಿಪ್ಪೆಯ ರಾಶಿಯಲ್ಲಿ ಅಡಗಿಸಿಟ್ಟಿದ್ದೇನೆ, ತೆಗೆದುಕೊಡುತ್ತೇನೆ’ ಎಂಬಷ್ಟಕ್ಕೇ ಸಾಕ್ಷ್ಯವಾಗಿ ನಿಶಾನೆ ಸಂಖ್ಯೆ. ಬ್ರಿಟಿಷ್ ಕಾಲದ ಕೊನೆಯ ಮೇಲ್ಮನವಿಯ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಹಾಕಿಕೊಟ್ಟ ಗೆರೆ ಇಂದಿಗೂ ಇದೇ: ಪತ್ತೆಯಾದ ‘ಸಂಗತಿ’ ಎಂದರೆ ಬರಿಯ ಕತ್ತಿಯಲ್ಲ, ಅದು ಇದ್ದ ಜಾಗ ಮತ್ತು ಆ ಜಾಗ ಆರೋಪಿಗೆ ಗೊತ್ತಿತ್ತು ಎನ್ನುವುದು. ಅದೇ ಕತ್ತಿಯಿಂದ ಕೊಲೆಯಾಯಿತು ಎಂಬುದನ್ನು ಬೇರೆ ಸಾಕ್ಷ್ಯದಿಂದಲೇ ತೋರಿಸಬೇಕು.

ಪ್ರಾಸಿಕ್ಯೂಷನ್ ಹೆಚ್ಚಾಗಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಸರಿಯಾದ ಕ್ರಮವೆಂದರೆ, ಮೊದಲು ಇಬ್ಬರು ಪಂಚರನ್ನು ಠಾಣೆಗೆ ಕರೆಸಬೇಕು. ಆರೋಪಿ ಅವರ ಎದುರಿಗೆ ಮಾತಾಡಬೇಕು, ಮಾತು ಅವನದೇ ಶಬ್ದಗಳಲ್ಲಿ ದಾಖಲಾಗಬೇಕು. ಮಹಜರಿನ (ಪಂಚರ ಮುಂದೆ ನಡೆದದ್ದರ ದಾಖಲೆಯ) ಮೊದಲ ಭಾಗ ಅಲ್ಲೇ ಮುಗಿದು ಸಹಿಯಾಗಬೇಕು. ಆಮೇಲೆ ಎಲ್ಲರೂ ಹೊರಟು, ದಾರಿಯನ್ನು ಆರೋಪಿಯೇ ತೋರಿಸಿ, ವಸ್ತು ಸಿಕ್ಕ ಜಾಗದಲ್ಲಿ ಎರಡನೇ ಭಾಗ ಬರೆದು, ವಸ್ತುವನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು ಹಾಕಿ, ಪಂಚರ ಸಹಿಯ ಚೀಟಿ ಅಂಟಿಸಬೇಕು. ವಾಸ್ತವದಲ್ಲಿ ಪಂಚರನ್ನು ನೇರ ತೋಟಕ್ಕೇ ಕರೆಸಿರುತ್ತಾರೆ. ಪಾಟಿಸವಾಲಿನಲ್ಲಿ ‘ನಾವು ಹೋಗುವಾಗ ಕತ್ತಿ ಹೊರಗೆ ತೆಗೆದಿಟ್ಟಿದ್ದರು’ ಎಂದು ಪಂಚ ಹೇಳಿದರೆ ಮುಗಿಯಿತು. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಆರೋಪಿಯನ್ನು ಬಿಡುಗಡೆ ಮಾಡಿತು. ಆರೋಪಿ ನುಡಿದ ಮಾತು ಏನೆಂಬುದನ್ನು ತನಿಖಾಧಿಕಾರಿ ಸಾಕ್ಷಿಕಟ್ಟೆಯಲ್ಲಿ ಹೇಳಿ ರುಜುವಾತು ಮಾಡಿರಲಿಲ್ಲ ಎಂಬುದು ಅಲ್ಲಿನ ದೊಡ್ಡ ಕೊರತೆ. ‘ಮಹಜರಿನಲ್ಲಿ ಇದೆಯಲ್ಲ, ಸಹಿ ನನ್ನದೇ’ ಎಂದರೆ ಸಾಲದು.

‘ಕತ್ತಿ ಇರುವ ಜಾಗ ತೋರಿಸುತ್ತೇನೆ’ ಎನ್ನುವುದಕ್ಕೂ ‘ನಾನು ಇಟ್ಟ ಕತ್ತಿ ತೋರಿಸುತ್ತೇನೆ’ ಎನ್ನುವುದಕ್ಕೂ ಅಂತರ ದೊಡ್ಡದು. ಮೊದಲನೆಯದನ್ನು ಕಂಡವನೂ ಹೇಳಬಹುದು, ಕೇಳಿದವನೂ ಹೇಳಬಹುದು. ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಆರೋಪಿ ಮಾತಾಡುವುದು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ. ಮಹಜರಿನಲ್ಲಿ ಬರುವುದು ‘ಸದರಿ ಕೃತ್ಯಕ್ಕೆ ಉಪಯೋಗಿಸಿದ ಆಯುಧವನ್ನು ಹಾಜರುಪಡಿಸುವುದಾಗಿ’ ಎಂಬ ಕಚೇರಿ ಕನ್ನಡ. ಐದು ಆರೋಪಿಗಳ ಐದು ಹೇಳಿಕೆಗಳಲ್ಲೂ ಅಕ್ಷರ ಬಿಡದೆ ಅದೇ ವಾಕ್ಯ ಇದ್ದರೆ ಪ್ರತಿವಾದಿ ವಕೀಲರು ಬೇರೇನೂ ಕೇಳಬೇಕಾಗಿಲ್ಲ. ತುಳುವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದುಕೊಂಡು ಕೆಳಗೆ ಕನ್ನಡದಲ್ಲಿ ಅರ್ಥ ಕೊಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಯಾಕೋ ಯಾರೂ ಹಾಗೆ ಮಾಡುವುದಿಲ್ಲ.

ಈಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. ಆರೋಪಿ ಮುಂದೆ ನಡೆದನೋ ಪೊಲೀಸರು ಮುಂದೆ ನಡೆದರೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ವಿಡಿಯೊ ಸಿಪ್ಪೆಯ ರಾಶಿಯ ಮುಂದೆ ನಿಂತಲ್ಲಿಂದ ಶುರುವಾದರೆ ಅದೇ ಅನುಮಾನಕ್ಕೆ ದಾರಿ. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಸಹಿತ ‘ಎ’ ಮತ್ತು ‘ಬಿ’ ಎರಡೂ ಭಾಗ, ಇಲ್ಲದಿದ್ದರೆ ಅದನ್ನು ಸಾಕ್ಷ್ಯವಾಗಿ ಗುರುತಿಸಲೂ ಆಗದು.

ಕತ್ತಿ ಸಿಕ್ಕಿತು ಎಂದುಕೊಳ್ಳೋಣ. ಕರಾವಳಿಯಲ್ಲಿ ತೋಟವಿರುವ ಮನೆಯಲ್ಲಿ ಎರಡು ಮೂರು ಕತ್ತಿ ಇಲ್ಲದಿರುವುದೇ ಅಪರೂಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮೂರು ವಾರ ಹೊರಗೆ ಬಿದ್ದ ಕಬ್ಬಿಣದ ಮೇಲೆ ತುಕ್ಕು ಉಳಿಯುತ್ತದೆಯೇ ಹೊರತು ರಕ್ತ ಉಳಿಯುವ ಖಾತರಿಯಿಲ್ಲ. ಹಿಡಿಯ ಮರದ ಸಂದಿಯಲ್ಲಿ ಸ್ವಲ್ಪ ಸಿಕ್ಕೀತು. ಪ್ರಯೋಗಾಲಯದ ವರದಿ ‘ಮನುಷ್ಯನ ರಕ್ತ’ ಎಂದಷ್ಟೇ ಹೇಳಿ ಗುಂಪು ಅಥವಾ ಡಿಎನ್‌ಎ ಹೇಳದಿದ್ದರೆ ಕತ್ತಿಯನ್ನು ಸತ್ತವನಿಗೆ ಜೋಡಿಸುವ ಕೊಂಡಿ ಸಡಿಲ. ಮಂಗಳೂರಿನಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇರುವಾಗ ಮುದ್ದೆಮಾಲು (ವಶಪಡಿಸಿಕೊಂಡ ವಸ್ತು) ಎರಡು ತಿಂಗಳು ಠಾಣೆಯ ಕೋಣೆಯಲ್ಲೇ ಯಾಕಿತ್ತು, ಯಾರ ವಶದಲ್ಲಿತ್ತು, ಸೀಲಿನ ಮಾದರಿ ಪ್ರತ್ಯೇಕ ಹೋಗಿತ್ತೇ ಎಂದು ಕೇಳಿದಾಗ ರಿಜಿಸ್ಟರು ಉತ್ತರ ಕೊಡಬೇಕು. ಶವಪರೀಕ್ಷೆ ಮಾಡಿದ ವೈದ್ಯರಿಗೆ ಅದೇ ಕತ್ತಿಯನ್ನು ತೋರಿಸಿ, ಗಾಯದ ಉದ್ದ, ಆಳ, ಅಂಚು ಇದಕ್ಕೆ ಹೊಂದುತ್ತದೆಯೇ ಎಂಬ ಅಭಿಪ್ರಾಯ ಪಡೆಯುವುದನ್ನು ಮರೆತ ಕಡತಗಳೂ ಇವೆ.

ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆಯ ತೂಕವೇ ಬೇರೆ. ಹಳೆಯ ಪ್ರಕ್ರಿಯಾ ಸಂಹಿತೆಯ 164, ಈಗ ಸುರಕ್ಷಾ ಸಂಹಿತೆಯ 183. ಸಾಕ್ಷಿಯ ಹೇಳಿಕೆಯೂ ಇದೇ ಕಲಂ ಅಡಿ ದಾಖಲಾಗುವುದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಸಾಕ್ಷಿಗೆ ಪ್ರಮಾಣ ಬೋಧಿಸುತ್ತಾರೆ, ಆರೋಪಿಗೆ ಬೋಧಿಸುವಂತಿಲ್ಲ. ಆರೋಪಿಯನ್ನು ಕರೆತಂದ ಪೊಲೀಸರು ಕೋಣೆಯಿಂದ ಹೊರಗೆ ಹೋಗಬೇಕು, ಬಾಗಿಲ ಸಂದಿಯಲ್ಲೂ ಕಾಣಿಸಬಾರದು. ಎಷ್ಟು ದಿನದಿಂದ ವಶದಲ್ಲಿದ್ದೀ, ಹೊಡೆದರೇ, ಆಸೆ ತೋರಿಸಿದರೇ, ಯಾಕೆ ಹೇಳಬೇಕು ಅನ್ನಿಸಿತು ಎಂದು ಕೇಳಬೇಕು. ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆಯಾಗಬಹುದು, ಹೇಳದಿದ್ದರೆ ಮತ್ತೆ ಪೊಲೀಸರ ಕೈಗೆ ಕೊಡುವುದಿಲ್ಲ ಎಂದು ತಿಳಿಸಬೇಕು. ಆಮೇಲೆ ಯೋಚಿಸಲು ಸಮಯ: 1957ರ ಸರ್ವನ್ ಸಿಂಗ್ ತೀರ್ಪಿನ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 24 ಗಂಟೆ. ಆ ರಾತ್ರಿ ಅವನು ಇರಬೇಕಾದದ್ದು ನ್ಯಾಯಾಂಗ ಬಂಧನದಲ್ಲಿ, ಮಂಗಳೂರಾದರೆ ಕೋಡಿಯಾಲ್‌ಬೈಲಿನ ಜೈಲಿನಲ್ಲಿ. ಮರುದಿನ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಮನಸ್ಸಿಗೆ ಒಪ್ಪಿಗೆಯಾದ ಮೇಲೆ ಬರೆದುಕೊಳ್ಳಬೇಕು. ಸಾಧ್ಯವಾದಷ್ಟು ಅವನಾಡಿದ ಭಾಷೆಯಲ್ಲೇ. ಓದಿ ಹೇಳಿ, ಸಹಿ ಪಡೆದು, ಕೆಳಗೆ ಮ್ಯಾಜಿಸ್ಟ್ರೇಟರು ತಮ್ಮ ಪ್ರಮಾಣೀಕರಣ ಬರೆಯಬೇಕು. ಹೊಸ ಸಂಹಿತೆಯಲ್ಲೂ ಆರೋಪಿಯ ವಕೀಲರ ಸಮ್ಮುಖದಲ್ಲಿ ಇದನ್ನು ವಿಡಿಯೊ ಮಾಡಲೂ ಅವಕಾಶವಿದೆ.

ಕೆಡುವುದು ಸಣ್ಣ ಸಂಗತಿಗಳಲ್ಲಿ. ಅಚ್ಚು ಹಾಕಿದ ನಮೂನೆಯಲ್ಲಿ ಪ್ರಶ್ನೆಗಳಿಗೆಲ್ಲ ‘ಹೌದು’, ‘ಇಲ್ಲ’ ಎಂದು ತುಂಬಿದ್ದರೆ, ಮ್ಯಾಜಿಸ್ಟ್ರೇಟರು ನಿಜವಾಗಿ ವಿಚಾರಿಸಿದರೇ ಎಂಬ ಪ್ರಶ್ನೆ ಏಳುತ್ತದೆ. ಶಿವಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಮುನ್ನೆಚ್ಚರಿಕೆಗಳನ್ನು ಸಾರದಲ್ಲಿ ಪಾಲಿಸಿಲ್ಲ ಎಂದು ತಪ್ಪೊಪ್ಪಿಗೆಯನ್ನು ಪಕ್ಕಕ್ಕಿಟ್ಟಿತು. 2001ರ ಧನಂಜಯ ರೆಡ್ಡಿ ಪ್ರಕರಣದಲ್ಲಿ ಆರೋಪಿಯ ಸಹಿಯೇ ಇರಲಿಲ್ಲ. ಮ್ಯಾಜಿಸ್ಟ್ರೇಟರೇ ಬಂದು ಸಾಕ್ಷಿ ನುಡಿದರೂ ಆ ಕೊರತೆ ತುಂಬಲಿಲ್ಲ. ಎರಡೂ ಕರ್ನಾಟಕದ್ದೇ ಪ್ರಕರಣಗಳು.

ಎಲ್ಲ ಸರಿಯಿದ್ದು, ಆಮೇಲೆ ಆರೋಪಿ ‘ಹೆದರಿ ಹೇಳಿದೆ’ ಎಂದು ಹಿಂದೆಗೆದುಕೊಂಡರೆ? ಹಿಂದೆಗೆದುಕೊಂಡ ಮಾತ್ರಕ್ಕೆ ಅದು ಸಾಯುವುದಿಲ್ಲ, ಆದರೆ ಬೇರೆ ಸಾಕ್ಷ್ಯದ ಊರುಗೋಲು ಬೇಕಾಗುತ್ತದೆ. ಸ್ವಇಚ್ಛೆ ಒಂದು ಪ್ರಶ್ನೆ, ಸತ್ಯ ಇನ್ನೊಂದು. ಕತ್ತಿಯಿಂದ ಕಡಿದೆ ಎಂದು ಸ್ವಇಚ್ಛೆಯಿಂದ ಹೇಳಿದ್ದರೂ ಶವಪರೀಕ್ಷೆಯಲ್ಲಿ ಕುತ್ತಿಗೆ ಬಿಗಿದ ಗುರುತು ಮಾತ್ರ ಇದ್ದರೆ, ಆ ಒಪ್ಪಿಗೆ ಸುಳ್ಳು. ಮಗನನ್ನು ಉಳಿಸಲು ಅಪ್ಪ ಒಪ್ಪಿಕೊಳ್ಳುವ ಸಾಧ್ಯತೆಯನ್ನು ನ್ಯಾಯಾಧೀಶರು ಮರೆಯುವ ಹಾಗಿಲ್ಲ.

ನೆಂಟ, ಗೆಳೆಯ, ಊರ ಗುರಿಕಾರ, ಪಂಚಾಯತ್ ಸದಸ್ಯ, ಇವರ ಮುಂದೆ ಹೇಳಿಕೊಂಡದ್ದು ನ್ಯಾಯಾಲಯದ ಹೊರಗಿನ ತಪ್ಪೊಪ್ಪಿಗೆ. ಒಳಗೆ ಬರುತ್ತದೆ, ಆದರೆ ದುರ್ಬಲ ಸಾಕ್ಷ್ಯ. ಇವನಿಗೇ ಯಾಕೆ ಹೇಳಿದ, ಇಬ್ಬರ ನಡುವೆ ಅಷ್ಟು ಸಲುಗೆ ಇತ್ತೇ, ಕೇಳಿದವನು ಎಷ್ಟು ದಿನ ಸುಮ್ಮನಿದ್ದ, ಈ ಮೂರಕ್ಕೆ ಉತ್ತರ ಸಿಗದಿದ್ದರೆ ತೂಕವಿಲ್ಲ. ಇಲ್ಲಿ ನಮ್ಮ ನಾಡಿನದೇ ಒಂದು ಪ್ರಶ್ನೆ ಬರುತ್ತದೆ: ದೈವದ ಎದುರು ನಿಂತು ತಪ್ಪು ಹೇಳಿಕೊಂಡರೆ? ಸಾಕ್ಷ್ಯ ಅಧಿನಿಯಮದ 22ನೇ ಕಲಂ ತಡೆಯುವುದು ಅಧಿಕಾರದಲ್ಲಿರುವವರು ಒಡ್ಡಿದ ಲೌಕಿಕ ಆಮಿಷ, ಬೆದರಿಕೆಗಳನ್ನು. ದೈವದ ಭಯ ಆ ಲೆಕ್ಕಕ್ಕೆ ಬಾರದು. ಹಾಗಾಗಿ ಸುತ್ತ ನಿಂತು ಕೇಳಿದವರು ಆ ಮಾತನ್ನು ನುಡಿಯಬಹುದು. ಆದರೆ ಬರಿಯ ತಪ್ಪುಕಾಣಿಕೆ ಹಾಕಿದ್ದು ಯಾವ ತಪ್ಪಿಗೆ ಎಂದು ಹೇಳುವುದಿಲ್ಲ. ಹರಕೆ ಮರೆತದ್ದಕ್ಕೂ ಜನ ಕಾಣಿಕೆ ಹಾಕುತ್ತಾರೆ.

ಸಹ ಆರೋಪಿಯ ಒಪ್ಪಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1964ರ ಹರಿಚರಣ್ ಕುರ್ಮಿ ತೀರ್ಪಿನಂತೆ ಅದರಿಂದ ಆರಂಭಿಸುವ ಹಾಗಿಲ್ಲ. ಬೇರೆ ಸಾಕ್ಷ್ಯವನ್ನೆಲ್ಲ ನೋಡಿ, ಅದೇ ಶಿಕ್ಷೆಗೆ ಸಾಕೆನಿಸಿದಾಗ ಭರವಸೆಗೆ ಮಾತ್ರ ನೋಡಬಹುದು.

ಇಷ್ಟು ಸೋಸಿ ಉಳಿದದ್ದನ್ನು ತೂಗುವಾಗ ಬರುವುದು ಸಂಶಯದ ಪ್ರಶ್ನೆ. ಕಣ್ಣಾರೆ ಕಂಡವರಿಲ್ಲದ ಪ್ರಕರಣದಲ್ಲಿ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನ ಐದು ಸೂತ್ರಗಳೇ ಅಳತೆಗೋಲು: ಪ್ರತಿ ಸಂದರ್ಭವೂ ಪೂರ್ತಿ ಸಾಬೀತಾಗಬೇಕು, ಎಲ್ಲವೂ ಆರೋಪಿಯ ಅಪರಾಧಕ್ಕೇ ಹೊಂದಬೇಕು, ನಿರ್ಣಾಯಕವಾಗಿರಬೇಕು, ಬೇರೆ ಎಲ್ಲ ಸಾಧ್ಯತೆಗಳನ್ನು ತಳ್ಳಿಹಾಕಬೇಕು, ಸರಪಳಿ ತುಂಡಾಗಿರಬಾರದು. ಸತ್ತವನ ಜತೆ ಆರೋಪಿಯನ್ನು ಬ್ರಹ್ಮಾವರ ಬಸ್‌ನಿಲ್ದಾಣದಲ್ಲಿ ಸಂಜೆ ಆರಕ್ಕೆ ಕಂಡವರಿದ್ದಾರೆ, ಶವ ಸಿಕ್ಕಿದ್ದು ಮೂರನೆಯ ದಿನ ಸೀತಾನದಿಯಲ್ಲಿ ಎಂದಾದರೆ, ನಡುವಿನ ಅಷ್ಟೂ ಹೊತ್ತು ತೆರೆದ ಬಾಗಿಲು. ಅದು ಸಮಂಜಸ ಸಂಶಯ. ಅದೇ ಸಾಕ್ಷಿ ಅಂಗಿಯ ಬಣ್ಣ ತಪ್ಪಿ ಹೇಳಿದ, ಆರು ಗಂಟೆಗೆ ಬದಲು ಆರೂವರೆ ಎಂದ, ಇವೆಲ್ಲ ಸಂಶಯವಲ್ಲ. ನಾಲ್ಕು ವರ್ಷದ ಮೇಲೆ ನೆನಪಿಸಿಕೊಳ್ಳುವ ಮನುಷ್ಯ ಹಾಗೆಯೇ ಮಾತಾಡುತ್ತಾನೆ. ಪ್ರತಿವಾದಿ ಎಬ್ಬಿಸಿದ ಪ್ರತಿ ಸಣ್ಣ ಸಂದೇಹಕ್ಕೂ ಬಿಡುಗಡೆ ಕೊಡುವುದನ್ನು 1973ರಲ್ಲೇ ಶಿವಾಜಿ ಬೋಬಡೆ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಟೀಕಿಸಿದ್ದರು. ‘ಮಾಡಿರಬಹುದು’ ಮತ್ತು ‘ಮಾಡಿರಲೇಬೇಕು’ ಇವುಗಳ ಅಂತರವನ್ನು ಎತ್ತಿ ಹೇಳಿದ್ದೂ ಅದೇ ತೀರ್ಪು.

ಕೊನೆಗೆ, ಎಲ್ಲರೂ ಅವಸರದಲ್ಲಿ ಮುಗಿಸುವ ಹಂತ ಒಂದಿದೆ: ಸಾಕ್ಷಿಗಳೆಲ್ಲ ಮುಗಿದ ಮೇಲೆ ಆರೋಪಿಯನ್ನೇ ಪ್ರಶ್ನಿಸುವುದು. ಹಳೆಯ ಪ್ರಕ್ರಿಯಾ ಸಂಹಿತೆಯ 313, ಈಗಿನ ಸುರಕ್ಷಾ ಸಂಹಿತೆಯ 351. ಅವನ ವಿರುದ್ಧ ಬಳಸಲಿರುವ ಪ್ರತಿ ಸಂದರ್ಭವನ್ನೂ ಬೇರೆ ಬೇರೆ ಪ್ರಶ್ನೆಯಾಗಿ, ಅವನಿಗೆ ಅರ್ಥವಾಗುವ ಮಾತಿನಲ್ಲಿ ಮುಂದಿಡಬೇಕು. ಕತ್ತಿ ತೋರಿಸಿಕೊಟ್ಟದ್ದು ಒಂದು, ರಕ್ತದ ವರದಿ ಇನ್ನೊಂದು, ವೈದ್ಯರ ಅಭಿಪ್ರಾಯ ಮತ್ತೊಂದು. ಮೂರನ್ನೂ ಹೆಣೆದು ಅರ್ಧ ಪುಟದ ಒಂದೇ ಪ್ರಶ್ನೆ ಮಾಡಿ ‘ಏನು ಹೇಳುತ್ತೀ?’ ಎಂದು ಕೇಳಿ, ‘ಸುಳ್ಳು’ ಎಂಬ ಉತ್ತರ ಬರೆದುಕೊಂಡರೆ, ಮೇಲ್ಮನವಿಯಲ್ಲಿ ಹೈಕೋರ್ಟ್ ಆ ಸಂದರ್ಭಗಳನ್ನೇ ಕೈಬಿಡಬಹುದು, ಅಥವಾ ಮರುಪ್ರಶ್ನಿಸಲು ಕಡತ ಹಿಂದಕ್ಕೆ ಕಳಿಸಬಹುದು. ಹತ್ತು ವರ್ಷ ಕಳೆದ ಮೇಲೆ ಹಿಂದಕ್ಕೆ ಬಂದ ಕಡತದಲ್ಲಿ ಆರೋಪಿಗೆ ಹೇಳಲು ಏನೂ ಉಳಿದಿರುವುದಿಲ್ಲ, ಅವನ ಪರ ಸಾಕ್ಷಿ ನುಡಿಯಬೇಕಾದವರೂ ಸಿಗುವುದಿಲ್ಲ.