ಫೋನ್ ಮಾಡಿದ್ದು ನನಗೋಸ್ಕರ

ರಾತ್ರಿ ಹತ್ತೂವರೆ. ವಿಡಿಯೋ ಕಾಲ್‌ನಲ್ಲಿ ಆ ತಾಯಿಯ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಅಡುಗೆಮನೆಯ ನೆಲದ ಮೇಲೆ, ಗ್ಯಾಸ್ ಕಟ್ಟೆಗೆ ಒರಗಿ ಕೂತಿದ್ದರು. ಆಟಿಸಂ ಇರುವ ಆರು ವರ್ಷದ ಮಗ ಆಗಷ್ಟೇ ಮಲಗಿದ್ದ. ‘ಜಾಸ್ತಿ ಹೊತ್ತು ಆಗಲ್ಲ ಮೇಡಂ, ಎದ್ದುಬಿಡ್ತಾನೆ’ ಎಂದರು. ಅವನ ನಿದ್ದೆ, ಥೆರಪಿ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಅಳೋದು, ಎಲ್ಲ ಹೇಳಿದರು. ‘ನೀವು ಊಟ ಮಾಡಿದ್ರಾ?’ ಎಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಹತ್ತಿರ ಬರುವ ದಪ್ಪ ದಪ್ಪ ಫೈಲುಗಳಲ್ಲಿ ಮಗುವಿನ ವಿಷಯ ತುಂಬಿರುತ್ತದೆ. ಅಮ್ಮನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕೌನ್ಸೆಲಿಂಗ್‌ಗೆ ಬನ್ನಿ ಅಂದರೆ ಹೇಗೆ ಬರುತ್ತಾರೆ? ಮಗುವನ್ನು ಯಾರ ಹತ್ತಿರ ಬಿಡೋದು? ಅದಕ್ಕೇ ಇವರ ಪಾಲಿಗೆ ಫೋನೇ ಆಸ್ಪತ್ರೆಯ ಬಾಗಿಲು ಎಂದು ನಾನು ನಂಬಿದ್ದೇನೆ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನಾನು ಎಲ್ಲ ತಾಯಂದಿರಿಗೂ ಬರೆದುಕೊಡುತ್ತೇನೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ. ಬೇಕಾದರೆ ಅವರೇ ಮನೋವೈದ್ಯರಿಗೆ ದಾಟಿಸುತ್ತಾರೆ. ‘ತೊಂದರೆ ಇರೋದು ಮಗೂಗೆ ಅಲ್ವಾ, ನಾನೇನಂತ ಹೇಳ್ಲಿ?’ ಎಂದು ತುಂಬ ಜನ ಕೇಳುತ್ತಾರೆ. ಅದಕ್ಕೆ ನಂಬರಿನ ಕೆಳಗೆ ಎರಡು ಸಾಲು ಸೇರಿಸುತ್ತೇನೆ: ‘ನನ್ನ ಮಗುವಿಗೆ ಆಟಿಸಂ ಇದೆ. ಆದರೆ ಫೋನ್ ಮಾಡಿದ್ದು ನನಗೋಸ್ಕರ.’

ವಿಶ್ವ ಆರೋಗ್ಯ ಸಂಸ್ಥೆಯೂ ಬೆಳವಣಿಗೆಯ ತೊಂದರೆ ಇರುವ 2ರಿಂದ 9 ವರ್ಷದ ಮಕ್ಕಳ ಪೋಷಕರಿಗೆ ಒಂದು ತರಬೇತಿ ರೂಪಿಸಿದೆ. ಅದು ಆನ್‌ಲೈನ್‌ನಲ್ಲೂ ಇದೆ. ಮಗುವಿನ ಜೊತೆ ಆಡೋದು, ಮಾತಾಡೋದು ಹೇಗೆ ಅನ್ನುವುದರ ಜೊತೆಗೆ ಪೋಷಕರು ತಮ್ಮನ್ನು ತಾವು ನೋಡಿಕೊಳ್ಳುವುದೂ ಅದರಲ್ಲಿ ಒಂದು ಪಾಠ.

ಅದೇ ಫೋನು ನೋವನ್ನೂ ಕೊಡುತ್ತದೆ. ‘ಆರು ತಿಂಗಳಲ್ಲಿ ಆಟಿಸಂ ವಾಸಿ’ ಎನ್ನುವ ರೀಲ್ಸ್ ನೋಡಿ, ತಾನೇ ಏನೋ ತಪ್ಪು ಮಾಡಿದೆ ಎಂದು ರಾತ್ರಿಯಿಡೀ ಕೊರಗುವವರನ್ನು ನೋಡಿದ್ದೇನೆ. ಆಟಿಸಂ ಎಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ. ವಾಸಿ ಮಾಡುವ ಔಷಧಿ ಇಲ್ಲ. ಅಮ್ಮ ಸಾಕಿದ ರೀತಿಯಿಂದ ಅದು ಬರುವುದೂ ಇಲ್ಲ. ಇದನ್ನು ನಾನು ಪ್ರತಿ ಸಲವೂ ಹೇಳುತ್ತೇನೆ, ಅತ್ತೆ ಮಾವ ಪಕ್ಕದಲ್ಲಿದ್ದರೆ ಇನ್ನೂ ಜೋರಾಗಿ ಹೇಳುತ್ತೇನೆ. ವಾಟ್ಸಾಪ್ ಗುಂಪು ಧೈರ್ಯ ಕೊಟ್ಟರೆ ಇರಲಿ. ಬೇರೆ ಮಗು ಮಾತು ಕಲಿತ ಸುದ್ದಿ ಓದಿ ನಿದ್ದೆ ಕೆಡುತ್ತಿದ್ದರೆ ಸುಮ್ನೆ ಮ್ಯೂಟ್ ಮಾಡಿ.

ಸಾಯಬೇಕು ಅನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಎಂಬ ಭಯ ಬಂದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಆಗಲೇ ಫೋನ್ ಮಾಡಿ, ಮನೆಯವರನ್ನು ಎಬ್ಬಿಸಿ, ಆಸ್ಪತ್ರೆಗೆ ಹೋಗಿ.

ಆ ತಾಯಿ ಈಗ ಎರಡು ವಾರಕ್ಕೊಮ್ಮೆ ಮಾತಾಡುತ್ತಾರೆ. ಮೊನ್ನೆ ಮಗನ ಪಕ್ಕ ಅವರ ಗಂಡ ಮಲಗಿದ್ದರು. ಇವರು ಅದೇ ಕಟ್ಟೆಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ತಟ್ಟೆ ಇತ್ತು. ‘ಮೇಡಂ, ಊಟ ಮಾಡ್ತಾ ಮಾತಾಡ್ಲಾ?’ ಎಂದರು.