ಓದುಗರ ಪ್ರಶ್ನೆ: ಮುತ್ತಜ್ಜನ ಹೆಸರು ಹಳೇ ಜನಗಣತಿಯಲ್ಲಿ ಸಿಗುತ್ತಾ?

ಪ್ರಶ್ನೆ: ನಾವು ಮೂರು ತಲೆಮಾರಿನಿಂದ ಬೆಂಗಳೂರಿನವರು. ಮುತ್ತಜ್ಜನ ಹೆಸರು ಗೊತ್ತು, ಅದಕ್ಕಿಂತ ಹಿಂದಿನದು ಗೊತ್ತಿಲ್ಲ. ಬ್ರಿಟಿಷರ ಕಾಲದ ಜನಗಣತಿ ಪುಸ್ತಕ, ಹಳೆಯ ನಿಧನ ವಾರ್ತೆ ಇವನ್ನೆಲ್ಲ ನೋಡಿ ವಂಶವೃಕ್ಷ ಮಾಡಬೇಕೆಂದಿದ್ದೇನೆ. ಆ ಜನಗಣತಿ ಬೆಂಗಳೂರಿನಲ್ಲಿ ಎಲ್ಲಿ ನೋಡಲು ಸಿಗುತ್ತದೆ?

ಉತ್ತರ: ಎಲ್ಲೂ ಸಿಗುವುದಿಲ್ಲ. ಬೆಂಗಳೂರಿನಲ್ಲೂ ಇಲ್ಲ, ಮೈಸೂರಿನಲ್ಲೂ ಇಲ್ಲ, ದೆಹಲಿಯಲ್ಲೂ ಇಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ನಾನೂ ಇದೇ ಉತ್ತರ ಕೊಡುತ್ತಲೇ ಇರುತ್ತೇನೆ, ಕೇಳಿದವರು "ಇರಲಿಕ್ಕಿಲ್ಲ ಬಿಡಿ ಸಾರ್, ಇನ್ನೊಂದ್ಸಲ ವಿಚಾರಿಸಿ ನೋಡ್ತೀನಿ" ಎಂದು ಹೋಗುತ್ತಾರೆ. ಈ ಸಲ ಸ್ವಲ್ಪ ವಿವರವಾಗಿಯೇ ಹೇಳಿಬಿಡುತ್ತೇನೆ.

ಈ ನಂಬಿಕೆ ಹುಟ್ಟುವುದು ಸಾಮಾನ್ಯವಾಗಿ ಅಮೆರಿಕದಲ್ಲಿರುವ ನೆಂಟರಿಂದ. ಅಲ್ಲಿ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷ ಗುಟ್ಟಾಗಿ ಇಟ್ಟು, ಆಮೇಲೆ ಎಲ್ಲರಿಗೂ ತೆರೆದಿಡುತ್ತಾರೆ. 1950ರ ಹಾಳೆಗಳು 2022ರಲ್ಲಿ ಹೊರಬಂದವು. ಇಂಗ್ಲೆಂಡಿನಲ್ಲಿ ಕಾಯುವುದು ನೂರು ವರ್ಷ. 1921ರದ್ದು ಅಲ್ಲಿ 2022ರ ಜನವರಿಯಲ್ಲಿ ಬಿಡುಗಡೆಯಾಯಿತು. ಮನೆ ಯಜಮಾನ, ಹೆಂಡತಿ, ಮಕ್ಕಳು, ವಯಸ್ಸು, ಕಸುಬು ಎಲ್ಲವೂ ಒಂದೇ ಪುಟದಲ್ಲಿ. ಅದನ್ನು ನೋಡಿದ ನಮ್ಮ ಹುಡುಗರು "ಇಲ್ಲೂ ಎಣಿಸಿದ್ದು ಅದೇ ಬ್ರಿಟಿಷರು ತಾನೇ, ಅವರು ಒಂದು ಚೀಟಿಯನ್ನೂ ಬಿಸಾಡಿದವರಲ್ಲ" ಎಂದು ಲೆಕ್ಕ ಹಾಕುತ್ತಾರೆ. ಬಿಸಾಡಿದರು. ಅದೂ ಮೂಟೆಗಟ್ಟಲೆ.

ಮೈಸೂರು ಸೀಮೆಯ ಮೊದಲ ಕ್ರಮಬದ್ಧ ಜನಗಣತಿ ನಡೆದದ್ದು 1871ರ ನವೆಂಬರ್ 14ರಂದು. ಮುಂದಿನದು 1881ರಲ್ಲಿ, ಆಮೇಲೆ ಹತ್ತು ವರ್ಷಕ್ಕೊಮ್ಮೆ. ಎಣಿಸಲು ಬಂದವರು ಮನೆಮನೆಯಲ್ಲಿ ಹೆಸರು ಬರೆದುಕೊಂಡದ್ದು ನಿಜ. ಆದರೆ ಆ ಹೆಸರು ಯಾರನ್ನೂ ಬಿಟ್ಟಿಲ್ಲ, ಎರಡು ಸಲ ಎಣಿಸಿಲ್ಲ ಎಂದು ತಾಳೆ ನೋಡುವುದಕ್ಕೆ. ಸರ್ಕಾರಕ್ಕೆ ಬೇಕಾಗಿದ್ದದ್ದು ಒಟ್ಟು ಮೊತ್ತ. 1901ರಿಂದ ಚೀಟಿ ಪದ್ಧತಿ ಬಂತು: ಒಬ್ಬೊಬ್ಬರ ವಿವರವನ್ನು ಒಂದೊಂದು ಸಣ್ಣ ಚೀಟಿಗೆ ಇಳಿಸುವುದು, ಧರ್ಮಕ್ಕೊಂದು ಬಣ್ಣದ ಕಾಗದ, ಆ ಚೀಟಿಗಳನ್ನು ಗುಮಾಸ್ತರು ಗೂಡುಗೂಡಾಗಿ ವಿಂಗಡಿಸಿ ಎಣಿಸುವುದು. ಕೋಷ್ಟಕ ಸಿದ್ಧವಾಯಿತು, ವರದಿ ಅಚ್ಚಾಯಿತು, ಚೀಟಿ ಮತ್ತು ಮೂಲ ಹಾಳೆಗಳ ಕೆಲಸ ಮುಗಿಯಿತು. ಅವನ್ನು ಇಟ್ಟುಕೊಳ್ಳಲು ಜಾಗವೂ ಇರಲಿಲ್ಲ, ಕಾರಣವೂ ಇರಲಿಲ್ಲ.

ಸ್ವಾತಂತ್ರ್ಯದ ನಂತರದ್ದಾದರೂ ಸಿಗಬಹುದಲ್ಲ ಎನ್ನುವವರಿಗೆ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಅಡ್ಡ ಬರುತ್ತದೆ. ಗಣತಿದಾರ ಬರೆದುಕೊಂಡದ್ದನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ, ಅದು ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ನಡೆಯದು. ಇಷ್ಟು ವರ್ಷವಾದ ಮೇಲೆ ತೆರೆಯಬೇಕು ಎಂಬ ಮಾತು ಆ ಕಲಮಿನಲ್ಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ ಎಂದವರೂ ಇದ್ದಾರೆ. ಹಾಕಿ. ಇಲ್ಲದ ಕಾಗದವನ್ನು ಅರ್ಜಿ ಹುಟ್ಟಿಸುವುದಿಲ್ಲ.

"ನಾನೇ ಲೈಬ್ರರಿಯಲ್ಲಿ 1891ರ ಜನಗಣತಿ ಪುಸ್ತಕ ನೋಡಿದ್ದೀನಿ" ಎನ್ನುವವರು ನೋಡಿರುವುದು ವರದಿಯನ್ನು. ಅದು ಓದಲೇಬೇಕಾದ ಪುಸ್ತಕ, ಆದರೆ ಅದರಲ್ಲಿ ನಿಮ್ಮ ಮುತ್ತಜ್ಜ ಒಂದು ಅಂಕಿ. ಉದಾಹರಣೆಗೆ, ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಸೇರಿ ಬೆಂಗಳೂರಿನ ಜನಸಂಖ್ಯೆ 1891ರಲ್ಲಿ 1,80,366 ಇದ್ದದ್ದು 1901ರಲ್ಲಿ 1,59,046ಕ್ಕೆ ಇಳಿಯಿತು. ನಡುವೆ 1898ರ ಪ್ಲೇಗು ಬಂದಿತ್ತು. ನಿಮ್ಮ ಮನೆಯಲ್ಲಿ "ಪ್ಲೇಗಿನಲ್ಲಿ ಊರು ಬಿಟ್ಟೆವು" ಎಂಬ ಮಾತಿದ್ದರೆ ವರದಿ ಅದಕ್ಕೆ ಬೆಂಬಲ ಕೊಡುತ್ತದೆ. ಯಾರು ಬಿಟ್ಟರು, ಯಾವ ಬೀದಿಯಿಂದ ಬಿಟ್ಟರು ಎಂದು ಹೇಳುವುದಿಲ್ಲ. ದುಡ್ಡು ಕೊಟ್ಟರೆ ಜನಗಣತಿಯಿಂದ ಹೆಸರು ತೆಗೆಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಆ ದುಡ್ಡಲ್ಲಿ ಮನೆಯವರಿಗೆಲ್ಲ ಮಸಾಲೆ ದೋಸೆ ಕೊಡಿಸಿ.

ಹಾಗಾದರೆ ಹೆಸರು ಎಲ್ಲಿದೆ? ಯಾರ ಹೆಸರಿನಿಂದ ಸರ್ಕಾರಕ್ಕೆ ಕಾಸು ಬರಬೇಕಿತ್ತೋ, ಯಾರಿಗೆ ಸರ್ಕಾರ ಕಾಸು ಕೊಡಬೇಕಿತ್ತೋ, ಅವರ ಹೆಸರನ್ನು ಅದು ಜೋಪಾನ ಮಾಡಿದೆ. ಅಂದರೆ ಕಂದಾಯ ಕಟ್ಟಿದವರು, ಇನಾಮು ಪಡೆದವರು, ಸಂಬಳ ತೆಗೆದುಕೊಂಡವರು.

ಜಮೀನಿದ್ದ ಮನೆಯಾದರೆ ಮೊದಲು ಹುಡುಕಬೇಕಾದದ್ದು ಪೌತಿ ಖಾತೆ. ಖಾತೆದಾರ ತೀರಿಕೊಂಡಾಗ ಖಾತೆ ವಾರಸುದಾರರಿಗೆ ಹೋಗುತ್ತದೆ, ಸತ್ತವರು ಯಾರು, ಅವರ ನಂತರ ಯಾರು ಎನ್ನುವುದು ಮ್ಯುಟೇಷನ್ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಎಷ್ಟೋ ರೈತರ ಪಾಲಿಗೆ ಸರ್ಕಾರ ಬರೆದ ನಿಧನ ವಾರ್ತೆ ಅದೊಂದೇ. ಭೂಮಿ ತಂತ್ರಾಂಶದಲ್ಲಿ ಸಿಗುವುದು ಇತ್ತೀಚಿನದು. ಕೈಬರಹದ ಪಹಣಿ, ಹಳೆಯ ಮ್ಯುಟೇಷನ್ ಪುಸ್ತಕ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಹೋಗಬೇಕು, ಸರ್ವೆ ನಂಬರ್ ಹಿಡಿದುಕೊಂಡು. ಹೆಸರು ಹೇಳಿ ಹುಡುಕಿಕೊಡಿ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೆಂಗಳೂರೇ ಮೂಲ ಎನ್ನುವ ಮನೆತನಗಳಿಗೆ ಇನ್ನೊಂದು ದಾರಿಯಿದೆ. 1945ರಲ್ಲಿ ಬಂದ ಸಿಐಟಿಬಿಯಾಗಲಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) 1976ರ ನಂತರದ ಬಿಡಿಎ ಆಗಲಿ ಬಡಾವಣೆ ಮಾಡಿದ್ದು ಯಾರದೋ ಹೊಲದ ಮೇಲೆ. ಆ ಭೂಸ್ವಾಧೀನದ ಕಡತಗಳಲ್ಲಿ ಜಮೀನು ಕಳೆದುಕೊಂಡವರ ಹೆಸರಿದೆ.

ಒಂದು ಎಚ್ಚರ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ಸಂಶೋಧನೆಯಲ್ಲ. ನೀವು ಅಫಿಡವಿಟ್ಟಿನಲ್ಲಿ ಹೇಳಿದ್ದನ್ನು ವಿಚಾರಣೆ ಮಾಡಿ ನಿಮಗೇ ಮೊಹರು ಹಾಕಿ ಕೊಡುತ್ತಾರೆ. ಆಸ್ತಿ ಭಾಗಕ್ಕೆ ಸಾಕು, ಮುತ್ತಜ್ಜನ ಅಪ್ಪನನ್ನು ಹುಡುಕಲು ಸಾಲದು.

ಸರ್ಕಾರಿ ನೌಕರರಾಗಿದ್ದರೆ 1866ರಿಂದ ಬರುತ್ತಿದ್ದ ಮೈಸೂರು ಗೆಜೆಟ್ ನೋಡಿ. ನೇಮಕ, ವರ್ಗಾವಣೆ, ರಜೆ ಎಲ್ಲ ಅಲ್ಲಿ ಅಚ್ಚಾಗಿವೆ. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಲು ಅಂಜಬೇಕಿಲ್ಲ, ಆದರೆ "ನಮ್ಮ ವಂಶದ ಫೈಲು ಕೊಡಿ" ಎಂದು ಕೇಳಬೇಡಿ. ಊರು, ಇಲಾಖೆ, ಹತ್ತು ವರ್ಷದ ಅಂದಾಜು, ಇಷ್ಟಾದರೂ ಕೈಯಲ್ಲಿರಲಿ. ಹಳೆಯ ಕಾಗದಗಳಲ್ಲಿ ಎಷ್ಟೋ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ ಎನ್ನುವುದೂ ತಿಳಿದಿರಲಿ. ದಂಡು ಪ್ರದೇಶದ ಕ್ರೈಸ್ತ ಕುಟುಂಬಗಳು ಈ ವಿಷಯದಲ್ಲಿ ನಮಗಿಂತ ಪುಣ್ಯವಂತರು. ಜ್ಞಾನಸ್ನಾನ, ಮದುವೆ, ಸಮಾಧಿ ಮೂರಕ್ಕೂ ಚರ್ಚಿನ ರಿಜಿಸ್ಟರ್ ಇದೆ.

ಮರಣ ನೋಂದಣಿಯ ಬಗ್ಗೆ ಒಂದೇ ಮಾತು: ಅದು ಆಗುವುದು ಸತ್ತ ಜಾಗದಲ್ಲಿ, ಹುಟ್ಟಿದ ಊರಿನಲ್ಲಲ್ಲ. ಮಾಗಡಿಯ ಅಜ್ಜ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಮಾಗಡಿಯಲ್ಲಿ ಹುಡುಕಿ ಫಲವಿಲ್ಲ. 1949ಕ್ಕೆ ಮುಂಚೆ ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಾಲಿಟಿ ಇತ್ತು ಎನ್ನುವುದನ್ನೂ ಮರೆಯಬೇಡಿ.

ಇನ್ನು ನಿಧನ ವಾರ್ತೆ. ಪ್ರಜಾವಾಣಿ ಶುರುವಾದದ್ದು 1948ರಲ್ಲಿ. ಅದಕ್ಕಿಂತ ಹಿಂದಿನ ಪತ್ರಿಕೆಗಳಲ್ಲಿ ಸಾವು ಸುದ್ದಿಯಾದದ್ದು ದೊಡ್ಡವರದ್ದು ಮಾತ್ರ. ಸಾಮಾನ್ಯ ಮನೆಯವರು ಕಾಸು ಕೊಟ್ಟು ಫೋಟೊ ಹಾಕಿಸುವುದು ಆಮೇಲೆ ಬಂದ ರೂಢಿ. ಹಾಗಾಗಿ ಅಜ್ಜನ ತನಕ ನಿಧನ ವಾರ್ತೆ ನೆರವಾದೀತು, ಮುತ್ತಜ್ಜನಿಗೆ ಕಷ್ಟ. ಸಿಕ್ಕರೆ ಓದುವ ಕ್ರಮ ಹೀಗೆ: ವಯಸ್ಸನ್ನು ನಂಬಬೇಡಿ, ಹೆಣ ಅಂಗಳದಲ್ಲಿರುವಾಗ ಯಾರೂ ಜಾತಕ ತೆಗೆದು ನೋಡಿರುವುದಿಲ್ಲ. ಕೆಳಗಿನ "ದುಃಖತಪ್ತರು" ಪಟ್ಟಿಯನ್ನು ನಂಬಿ, ಅದರಲ್ಲಿ ಒಬ್ಬ ಅಳಿಯನ ಹೆಸರು ಬಿಟ್ಟರೂ ಜಗಳವಾಗುತ್ತದೆ. ವೈಕುಂಠ ಸಮಾರಾಧನೆಯೋ ಶಿವಗಣಾರಾಧನೆಯೋ ಯಾವ ಊರಿನಲ್ಲಿ ಎಂದು ನೋಡಿ, ಹಲವು ಸಲ ಅದೇ ಮೂಲ ಊರು. ಮೊದಲ ವರ್ಷದ ಪುಣ್ಯಸ್ಮರಣೆ ಜಾಹೀರಾತು ಸಿಕ್ಕರೆ ಅದು ಇನ್ನೂ ಮೇಲು, ನಿಧಾನವಾಗಿ ವಿಚಾರಿಸಿ ಬರೆದದ್ದು.

ನಿಧನ ವಾರ್ತೆಗಾಗಿ ಅಟ್ಟ ಹುಡುಕುವವರಿಗೆ ನಾನು ಹೇಳುವುದು: ಲಗ್ನಪತ್ರಿಕೆ ಹುಡುಕಿ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವುದು ನಮ್ಮಲ್ಲಿ ಎಷ್ಟೋ ಮನೆಗಳ ಪದ್ಧತಿ, ಅದನ್ನು ಒಳಗಿಟ್ಟುಕೊಳ್ಳುವುದು ಅಶುಭ. ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಮಾತ್ರ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿರುತ್ತಾರೆ. ಅದರಲ್ಲಿ ವರನ ಅಪ್ಪ, ಅಜ್ಜ, ಊರು, ಕರೆಯುವ ದೊಡ್ಡಪ್ಪ ಚಿಕ್ಕಪ್ಪಂದಿರು ಎಲ್ಲರೂ ಇದ್ದಾರೆ. ಹೆಣ್ಣಿನ ಕಡೆಯವರೂ ಇದ್ದಾರೆ, ಕಂದಾಯದ ಕಾಗದಗಳಲ್ಲಿ ಅವರು ಅಷ್ಟು ಸುಲಭಕ್ಕೆ ಸಿಗುವವರಲ್ಲ.

ಹೆಳವರನ್ನು ಕೇಳಿದಿರಾ? ಒಕ್ಕಲಿಗ, ಕುರುಬ, ಲಿಂಗಾಯತ ಮನೆತನಗಳ ಊರುಗಳಿಗೆ ಸುಗ್ಗಿಯ ನಂತರ ಬಂದು ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ದವಸವನ್ನೋ ಕುರಿಯನ್ನೋ ದಾನ ಪಡೆದು ಹೋಗುವವರು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಅವರು ಬರುವುದಿಲ್ಲ, ಬಂದರೂ ಗೇಟಿನಲ್ಲಿ ಬಿಡುವುದಿಲ್ಲ. ಊರಿನಲ್ಲಿ ಉಳಿದ ದಾಯಾದಿಗಳಿಗೆ ಫೋನ್ ಮಾಡಿ, ಈ ಸಲ ಹೆಳವರು ಬಂದಾಗ ತಿಳಿಸಲು ಹೇಳಿ. ಶ್ರಾದ್ಧ ಮಾಡುವ ಮನೆಯಾದರೆ ಅಪ್ಪ, ಅಜ್ಜ, ಮುತ್ತಜ್ಜ ಮೂವರ ಹೆಸರು ಮಂತ್ರದಲ್ಲೇ ಬರುತ್ತದೆ. ಮಹಾಲಯ ಪಕ್ಷಕ್ಕೆಂದು ಬರೆದಿಟ್ಟ ಚೀಟಿಯಲ್ಲಿ ತಾಯಿಯ ಕಡೆಯವರೂ ಸಿಗುತ್ತಾರೆ. ಆ ಚೀಟಿ ಪುರೋಹಿತರ ಹತ್ತಿರ ಇರುವುದೇ ಹೆಚ್ಚು.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ. ತಿಥಿ ಗೊತ್ತು, ಇಸವಿ ಗೊತ್ತಿಲ್ಲ. ಅಥವಾ ಜಾತಕದಲ್ಲಿ "ವಿಳಂಬಿ ಸಂವತ್ಸರ, ಪುಷ್ಯ ಮಾಸ" ಎಂದಷ್ಟೇ ಇದೆ. ಇದನ್ನು ಇಸವಿಗೆ ತರುವುದು ಹೇಗೆ?

ಸಂವತ್ಸರ ಅರವತ್ತು. ಪ್ರಭವದಿಂದ ಅಕ್ಷಯದ ತನಕ ಹೋಗಿ ಮತ್ತೆ ಪ್ರಭವ. ಪ್ರಭವ ಬಂದದ್ದು 1867ರಲ್ಲಿ, 1927ರಲ್ಲಿ, 1987ರಲ್ಲಿ. ಅಲ್ಲಿಂದ ಬೆರಳು ಮಡಿಸುತ್ತ ಬಂದರೆ ಮೂವತ್ತೆರಡನೆಯದು ವಿಳಂಬಿ: 1898, 1958, 2018. ಲೆಕ್ಕ ಯುಗಾದಿಯಿಂದ ಯುಗಾದಿಗೆ, ಆದ್ದರಿಂದ ವಿಳಂಬಿಯ ಪುಷ್ಯ ಮಾಸ ಬೀಳುವುದು ಮುಂದಿನ ಇಸವಿಯ ಜನವರಿ ಸುಮಾರಿಗೆ, ಅಂದರೆ 1899 ಅಥವಾ 1959. ಇಷ್ಟನ್ನು ಯಾರೂ ಮಾಡಬಹುದು. ಎಡವುವುದು ಮುಂದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. ಅಜ್ಜನಿಗೂ ಮೊಮ್ಮಗನಿಗೂ ಅಂತರ ಸುಮಾರಾಗಿ ಐವತ್ತು ಅರವತ್ತು ವರ್ಷ. ಹಾಗಾಗಿ "ವಿಳಂಬಿಯಲ್ಲಿ ಹುಟ್ಟಿದ ರಂಗಪ್ಪ" ಎಂದರೆ 1898ರ ಅಜ್ಜನೂ ಆಗಬಹುದು, 1958ರ ಮೊಮ್ಮಗನೂ ಆಗಬಹುದು. ಇಬ್ಬರನ್ನು ಒಬ್ಬನನ್ನಾಗಿ ಮಾಡಿ, ಎರಡು ತಲೆಮಾರು ನುಂಗಿದ ವಂಶವೃಕ್ಷಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದನ್ನು ನೋಡಿದ್ದೇನೆ.

ಬಿಡಿಸಿಕೊಳ್ಳಲು ಉಪಾಯ ವಾರ. ಅದೇ ಸಂವತ್ಸರ, ಅದೇ ಮಾಸ, ಅದೇ ತಿಥಿ ಬಂದರೂ ಅರವತ್ತು ವರ್ಷದ ಹಿಂದೆ ಮುಂದೆ ವಾರ ಸಾಮಾನ್ಯವಾಗಿ ಬೇರೆ ಬೀಳುತ್ತದೆ. ಜಾತಕ ಬರೆದವರು ವಾರ, ನಕ್ಷತ್ರ ಬಿಡುವುದಿಲ್ಲ. ಈಗ ಹಳೆಯ ವರ್ಷಗಳ ಪಂಚಾಂಗ ತೋರಿಸುವ ತಂತ್ರಾಂಶಗಳಿವೆ, ಎರಡೂ ಇಸವಿ ಹಾಕಿ ನೋಡಿದರೆ ವಾರ ಮತ್ತು ನಕ್ಷತ್ರ ಎರಡೂ ಕೂಡುವುದು ಸಾಮಾನ್ಯವಾಗಿ ಒಂದಕ್ಕೇ. ಶಕ ವರ್ಷ ಬರೆದಿದ್ದರೆ ಇಷ್ಟು ಕಷ್ಟವೂ ಇಲ್ಲ, 78 ಕೂಡಿಸಿ, 1820 ಎಂದರೆ 1898. ಯಾತ್ರಿಕರ ವಂಶಾವಳಿ ಬರೆದಿಡುವ ಕಾಶಿ, ಹರಿದ್ವಾರದ ಪಂಡರ ಪುಸ್ತಕದಿಂದ ತಂದ ಸಂವತ್ಸರವನ್ನು ಮಾತ್ರ ಈ ಲೆಕ್ಕಕ್ಕೆ ಹಾಕಬೇಡಿ. ಉತ್ತರದವರ ಸಂವತ್ಸರ ನಮ್ಮದಕ್ಕಿಂತ ಮುಂದೆ ಓಡುತ್ತದೆ.

ಶಾಲೆಯ ದಾಖಲಾತಿಯಲ್ಲಿ ಜೂನ್ 1 ಎಂದು ಹುಟ್ಟಿದ ದಿನ ಇದ್ದರೆ ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಎಂದುಕೊಂಡು ಮುಂದೆ ಹೋಗಿ. ಇನ್ನು ಜಾತಕದ ಫೋಟೊ ಕಳಿಸಿ "ಇಸವಿ ಹೇಳಿ" ಎನ್ನುವವರು ದಯವಿಟ್ಟು ಹಾಳೆಯ ಹಿಂಬದಿಯನ್ನೂ ಕಳಿಸಿ. ಬರೆಸಿದವರ ಹೆಸರು, ಊರು ಎಷ್ಟೋ ಸಲ ಅಲ್ಲೇ ಇರುತ್ತದೆ.